ಗಾಳಿಯ ಸ್ಪ್ರಿಂಗೂ ಭಾರವಾದ ಸವಾರನೂ

ಬೈಸಿಕಲ್ಲಿನ ಪಂಪಿನ ಬಾಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಹಿಡಿಯನ್ನು ಒತ್ತಿ ನೋಡಿ. ಮೊದಲು ಅದು ಸುಲಭವಾಗಿ ಒಳಗೆ ಸರಿಯುವುದು; ಅರ್ಧಕ್ಕೆ ಬರುವ ವೇಳೆಗೆ ಬಿಗಿಯಾಗುವುದು; ಕೊನೆಯ ಒಂದಂಗುಲವನ್ನು ಒತ್ತಬೇಕಾದರೆ ಮೈಭಾರವನ್ನೆಲ್ಲ ಹಾಕಬೇಕಾಗುವುದು. ಕೈ ಬಿಟ್ಟೊಡನೆ ಹಿಡಿ ಹಿಂದಕ್ಕೆ ಚಿಮ್ಮುತ್ತದೆ. ಪಂಪಿನೊಳಗೆ ಉಕ್ಕಿನ ಸುರುಳಿಯೇನೂ ಇಲ್ಲ. ಇರುವುದು ಬರಿಯ ಗಾಳಿ. ಆದರೂ ಅದು ಒಳ್ಳೆಯ ಸ್ಪ್ರಿಂಗಿನಂತೆಯೇ ವರ್ತಿಸಿತು.

ಗಾಳಿಗೆ ಈ ಗುಣವುಂಟೆಂಬುದನ್ನು ಪ್ರಯೋಗಗಳ ಮೂಲಕ ವಿಶದಪಡಿಸಿದವನು ರಾಬರ್ಟ್ ಬಾಯ್ಲ್. ೧೬೬೦ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ‘ಗಾಳಿಯ ಸ್ಪ್ರಿಂಗು’ ಎಂಬ ಮಾತಿದೆ. ಗಾಳಿಯನ್ನು ಅವನು ಕುರಿಯ ಉಣ್ಣೆಯ ರಾಶಿಗೆ ಹೋಲಿಸಿದನು: ಒತ್ತಿದರೆ ಅಡಗುತ್ತದೆ, ಬಿಟ್ಟರೆ ಉಬ್ಬುತ್ತದೆ. ಎರಡು ವರ್ಷಗಳ ತರುವಾಯ, ಒಂದು ತುದಿ ಮುಚ್ಚಿದ ಬಾಗು ಗಾಜಿನ ಕೊಳವೆಯಲ್ಲಿ ಪಾದರಸವನ್ನು ಸುರಿಯುತ್ತ ಹೋಗಿ, ಸೆರೆಯಾದ ಗಾಳಿಯ ಗಾತ್ರ ಅರ್ಧವಾದಾಗ ಅದರ ಒತ್ತಡ ಇಮ್ಮಡಿಯಾಗುವುದೆಂಬ ನಿಯಮವನ್ನು ಅವನು ತೋರಿಸಿಕೊಟ್ಟನು. ಬಾಯ್ಲನಿಗೆ ವಾಯುಪಂಪನ್ನು ಕಟ್ಟಿಕೊಟ್ಟ ಸಹಾಯಕನ ಹೆಸರು ರಾಬರ್ಟ್ ಹುಕ್. ಲೋಹದ ಸ್ಪ್ರಿಂಗು ಎಳೆದಷ್ಟಕ್ಕೆ ಸಮಪ್ರಮಾಣದಲ್ಲಿ ಬಲವನ್ನು ತೋರಿಸುವುದೆಂಬ ನಿಯಮವನ್ನು ೧೬೭೮ರಲ್ಲಿ ವಿವರಿಸಿದವನೂ ಅವನೇ. ಇಂದು ಬೆಟ್ಟವಿಳಿಯುವ ಸೈಕಲ್ಲುಗಳಲ್ಲಿ ಸುರುಳಿಯ ಸ್ಪ್ರಿಂಗು ಮೇಲೋ ಗಾಳಿಯ ಸ್ಪ್ರಿಂಗು ಮೇಲೋ ಎಂದು ವಾದಿಸುವವರು, ತಿಳಿದೋ ತಿಳಿಯದೆಯೋ, ಯಜಮಾನನ ಪಕ್ಷವನ್ನೋ ಸಹಾಯಕನ ಪಕ್ಷವನ್ನೋ ಹಿಡಿದಿರುತ್ತಾರೆ!

ಬೆಟ್ಟದ ಸೈಕಲ್ಲು, ಎಂದರೆ ಮೌಂಟನ್ ಬೈಕು, ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ೧೯೭೬ರಲ್ಲಿ ಅಲ್ಲಿನ ಮರಿನ್ ಪ್ರಾಂತದ ಕೆಲವು ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳ ಮೇಲೆ ಕಡಿದಾದ ಮಣ್ಣಿನ ಹಾದಿಯೊಂದರಲ್ಲಿ ಇಳಿಯುವ ಪಂದ್ಯವನ್ನು ಆರಂಭಿಸಿದರು. ಕೆಳಗೆ ತಲಪುವಷ್ಟರಲ್ಲಿ ಹಿಂಚಕ್ರದ ಬ್ರೇಕು ಕಾದು, ಗುಂಭದೊಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಾರಿಯೂ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆ ಸೈಕಲ್ಲುಗಳಿಗೆ ಟೈರಿನೊಳಗಿನ ಗಾಳಿಯ ಹೊರತು ಬೇರೆ ಸ್ಪ್ರಿಂಗು ಇರಲಿಲ್ಲ. ೧೯೮೯ರ ಸುಮಾರಿಗೆ ಪಾಲ್ ಟರ್ನರ್ ಎಂಬಾತನು ರಾಕ್‌ಶಾಕ್ಸ್ ಎಂಬ ಹೆಸರಿನಲ್ಲಿ ಮುಂಚಕ್ರಕ್ಕೆ ಹೊಂದುವ, ಗಾಳಿ ಮತ್ತು ಎಣ್ಣೆಗಳಿಂದ ಕೆಲಸ ಮಾಡುವ ಫೋರ್ಕನ್ನು ತಯಾರಿಸಿದನು. ಚಕ್ರವು ಸುಮಾರು ಎರಡಂಗುಲ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ೧೯೯೦ರಲ್ಲಿ ಡುರಾಂಗೊ ಎಂಬಲ್ಲಿ ನಡೆದ ಮೊದಲ ವಿಶ್ವಪಂದ್ಯದಲ್ಲಿ ಗ್ರೆಗ್ ಹರ್ಬೋಲ್ಡ್ ಅಂಥ ಫೋರ್ಕಿನ ಸೈಕಲ್ಲನ್ನೇರಿ ಇಳಿಜಾರು ಓಟವನ್ನು ಗೆದ್ದಮೇಲೆ, ಇದು ಬರಿಯ ಆಟಿಕೆಯೆಂದು ನಗುತ್ತಿದ್ದವರು ಸುಮ್ಮನಾದರು. ಈಗ ಮುಂದೆಯೂ ಹಿಂದೆಯೂ ಆರಂಗುಲದವರೆಗೆ ಏರಿಳಿಯುವ ಚಕ್ರಗಳುಳ್ಳ ಸೈಕಲ್ಲು ಸಾಮಾನ್ಯವಾಗಿದೆ. ಅವುಗಳಲ್ಲಿ ಬಹುಪಾಲಿನಲ್ಲಿ ಗಾಳಿಯೇ ಸ್ಪ್ರಿಂಗು.

ಗಾಳಿಗೆ ಇಷ್ಟು ಮನ್ನಣೆ ದೊರೆತುದಕ್ಕೆ ಅದರ ಹಗುರವೊಂದೇ ಕಾರಣವಲ್ಲ. ಸುರುಳಿಯ ಸ್ಪ್ರಿಂಗು ಒಬ್ಬ ಸವಾರನಿಗೆ ಹೊಂದಿದರೆ ಇನ್ನೊಬ್ಬನಿಗೆ ಹೊಂದದು. ತೂಕ ಬದಲಾದರೆ ಸ್ಪ್ರಿಂಗನ್ನೇ ಬದಲಾಯಿಸಬೇಕು. ಗಾಳಿಯದಾದರೆ ಪಂಪಿನಿಂದ ನಾಲ್ಕು ಸಾರಿ ಒತ್ತಿದರಾಯಿತು. ಹೀಗಿರುವಾಗ ಭಾರವಾದ ಸವಾರನಿಗೆ ಗಾಳಿಯ ಸ್ಪ್ರಿಂಗಿಗಿಂತ ಅನುಕೂಲವಾದುದು ಮತ್ತೊಂದಿರಲಾರದು ಎಂದು ತೋರುವುದಷ್ಟೆ? ನಾನೂ ಹಾಗೆಯೇ ತಿಳಿದಿದ್ದೆ.

ಈ ಲೇಖಕನ ತೂಕ, ಶಿರಸ್ತ್ರಾಣ, ಪಾದರಕ್ಷೆ, ನೀರಿನ ಚೀಲಗಳೂ ಸೇರಿ, ೧೧೦ ಕಿಲೋಗ್ರಾಂ. ಕೆಲವು ವರ್ಷಗಳ ಹಿಂದೆ ಹೊಸ ಸೈಕಲ್ಲನ್ನು ಕೊಂಡಾಗ, ಅಂಗಡಿಯವರು ಚೌಕಟ್ಟಿಗೆ ಅಂಟಿಸಿದ್ದ ಪಟ್ಟಿಯನ್ನು ನೋಡಿ ಗಾಳಿ ತುಂಬಿಕೊಟ್ಟರು. ಪಟ್ಟಿಯು ೧೦೦ ಕಿಲೋಗ್ರಾಮಿಗೇ ನಿಂತುಹೋಗಿತ್ತು. ಆ ಮೇಲಿನದನ್ನು ಅವರು ಅಂದಾಜಿನಿಂದ ಸೇರಿಸಿದರು; ಉಳಿದ ತಿರುಗಣಿಗಳನ್ನು ‘ನಡುವೆ ಇರಲಿ’ ಎಂದು ನಡುವೆ ಇಟ್ಟರು. ಚಿಕ್ಕಮಗಳೂರಿನ ಕಡೆಯ ಒಂದು ತೋಟದ ಇಳಿಜಾರಿನಲ್ಲಿ ಮರದ ಬೇರೊಂದು ಅಡ್ಡ ಬಂದಿತು. ಮುಂಚಕ್ರ ದಾಟಿತು. ಹಿಂಚಕ್ರ ಬೇರಿಗೆ ಬಡಿದು, ಸ್ಪ್ರಿಂಗು ಕೊನೆಯವರೆಗೆ ಅಡಗಿ, ಮರುಕ್ಷಣದಲ್ಲಿ ಆಸನವು ನನ್ನನ್ನು ಹೋರಿಯಂತೆ ಎತ್ತಿ ಎಸೆಯಿತು. ಹಿಡಿಕೋಲಿನ ಮೇಲಿಂದ ಹಾರಿ ಬಿದ್ದೆ, ಕತ್ತಿನೆಲುಬು ಮುರಿಯಿತು. ಆರು ವಾರಗಳ ಮೇಲೆ ಅಂಗಡಿಗೆ ಹೋಗಿ ಕೇಳಿದಾಗ ದೊರೆತ ಉತ್ತರ: ‘ತೂಕ ಇಳಿಸಿ ಸಾರ್.’ ಸಲಹೆ ತಪ್ಪೆಂದು ಹೇಳಲಾರೆ. ಆದರೆ ಎಲುಬು ಮುರಿದುದಕ್ಕೆ ಕಾರಣ ತೂಕವಲ್ಲವೆಂದು ಆಮೇಲೆ ಲೆಕ್ಕ ಹಾಕಿ ತಿಳಿದುಕೊಂಡೆ. ಆ ಲೆಕ್ಕವನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಸವಾರನು ಸೈಕಲ್ಲನ್ನೇರಿ ಸುಮ್ಮನೆ ನಿಂತಾಗಲೇ ಸ್ಪ್ರಿಂಗು ಸ್ವಲ್ಪ ಅಡಗುವುದು. ಇದನ್ನು ಕುಸಿತ ಎಂದು ಕರೆಯೋಣ. ಕುಸಿತ ಇರಲೇಬೇಕು, ಚಕ್ರವು ಹಳ್ಳದೊಳಕ್ಕೆ ಇಳಿದು ನೆಲವನ್ನು ಬಿಡದೆ ಹಿಡಿಯಬೇಕಾದರೆ ಸ್ಪ್ರಿಂಗಿಗೆ ಹಿಗ್ಗಲು ಎಡೆ ಬೇಕಷ್ಟೆ. ಸಾಮಾನ್ಯವಾದ ಕಾಡುಹಾದಿಯ ಸವಾರಿಗೆ ಹಿಂದುಗಡೆ ಒಟ್ಟು ಚಲನೆಯ ನೂರಕ್ಕೆ ೨೫ರಿಂದ ೩೦ರಷ್ಟೂ, ಮುಂದಿನ ಫೋರ್ಕಿನಲ್ಲಿ ೧೫ರಿಂದ ೨೦ರಷ್ಟೂ ಕುಸಿತವಿರುವುದು ವಾಡಿಕೆ.

ಈಗ ಒಂದು ಉದಾಹರಣೆ. ಹಿಂಚಕ್ರವು ೧೫೦ ಮಿಲಿಮೀಟರು ಏರಿಳಿಯುವ ಸೈಕಲ್ಲೊಂದನ್ನು ತೆಗೆದುಕೊಳ್ಳೋಣ. ಚಕ್ರ ಅಷ್ಟು ಚಲಿಸಿದಾಗ, ಚೌಕಟ್ಟಿನ ಸನ್ನೆಗಳ ಮೂಲಕ, ಷಾಕ್ ಅಬ್ಸಾರ್ಬರಿನ ಪಿಸ್ಟನ್ನು ೫೫ ಮಿಲಿಮೀಟರು ಮಾತ್ರ ಓಡುತ್ತದೆ. ಓಟ ಕಡಮೆಯಾದಷ್ಟೂ ಬಲ ಹೆಚ್ಚಬೇಕೆಂಬುದು ಸನ್ನೆಯ ನಿಯಮ. ಚಕ್ರದ ಮೇಲಿನ ಭಾರ ಪಿಸ್ಟನ್ನಿನ ಮೇಲೆ ೧೫೦ ಭಾಗ ೫೫, ಎಂದರೆ ಸುಮಾರು ೨.೭ರಷ್ಟು ಹೆಚ್ಚಾಗಿ ಬೀಳುತ್ತದೆ. ಸವಾರನ ತೂಕದಲ್ಲಿ ನೂರಕ್ಕೆ ೬೦ರಷ್ಟು ಹಿಂದಕ್ಕೆ ಬೀಳುವುದೆಂದೂ, ಪಿಸ್ಟನ್ನಿನ ಮುಖ ೧೦ ಚದರ ಸೆಂಟಿಮೀಟರೆಂದೂ, ಗಾಳಿಕೋಣೆಯ ಗಾತ್ರ ೯೦ ಘನ ಸೆಂಟಿಮೀಟರೆಂದೂ ಇಟ್ಟುಕೊಳ್ಳೋಣ.

೭೦ ಕಿಲೋಗ್ರಾಮಿನ ಸವಾರನಿಂದ ಹಿಂಚಕ್ರಕ್ಕೆ ೪೨, ಪಿಸ್ಟನ್ನಿಗೆ ಸುಮಾರು ೧೧೫ ಕಿಲೋಗ್ರಾಂ ಭಾರ. ೧೧೦ ಕಿಲೋಗ್ರಾಮಿನವನಿಂದ ಚಕ್ರಕ್ಕೆ ೬೬, ಪಿಸ್ಟನ್ನಿಗೆ ೧೮೦. ನೂರಕ್ಕೆ ೩೦ರ ಕುಸಿತದಲ್ಲಿ, ಎಂದರೆ ಪಿಸ್ಟನ್ನು ಹದಿನಾರೂವರೆ ಮಿಲಿಮೀಟರು ಸರಿದಾಗ, ಗಾಳಿಯು ಈ ಭಾರವನ್ನು ಹೊತ್ತು ನಿಲ್ಲಬೇಕು. ಆಗ ಗಾಳಿಯ ಗಾತ್ರ ೯೦ರಿಂದ ೭೩.೫ಕ್ಕೆ ಇಳಿದಿರುತ್ತದೆ. ಬಾಯ್ಲನ ನಿಯಮದಂತೆ ಹಿಂದಕ್ಕೆ ಲೆಕ್ಕ ಹಾಕಿದರೆ, ಭಾರವಿಲ್ಲದಾಗ ತುಂಬಿಸಬೇಕಾದ ಒತ್ತಡವು ಮೊದಲನೆಯವನಿಗೆ ಚದರಂಗುಲಕ್ಕೆ ೧೩೦ ಪೌಂಡು, ಎರಡನೆಯವನಿಗೆ ೨೦೬ ಪೌಂಡು ಎಂದು ಬರುತ್ತದೆ. ತೂಕದ ಪ್ರಮಾಣವೂ ಒತ್ತಡದ ಪ್ರಮಾಣವೂ ಹೆಚ್ಚು ಕಡಮೆ ಒಂದೇ ಆಗಿರುವುದನ್ನು ಗಮನಿಸಿ. ನಿಜವಾದ ಯಂತ್ರದಲ್ಲಿ, ಮುಂದೆ ಹೇಳಲಿರುವ ಒಂದು ಕಾರಣದಿಂದ, ಸಂಖ್ಯೆಗಳು ಇದಕ್ಕಿಂತ ಸ್ವಲ್ಪ ಮೇಲಿರುತ್ತವೆ.

ಸ್ಪ್ರಿಂಗು ಪೂರ್ತಿ ಅಡಗಿದಾಗ ಏನಾಗುವುದು? ಪಿಸ್ಟನ್ನು ೫೫ ಮಿಲಿಮೀಟರನ್ನೂ ಓಡಿದಾಗ ೯೦ ಘನ ಸೆಂಟಿಮೀಟರು ಗಾಳಿ ೩೫ಕ್ಕೆ ಅಡಕವಾಗಿರುತ್ತದೆ. ಒತ್ತಡ ಎರಡೂವರೆಯಷ್ಟಕ್ಕೂ ಮೇಲಾಗಿರುತ್ತದೆ. ಇದನ್ನು ಚಕ್ರದ ಬಳಿಯ ಬಲವಾಗಿ ಪರಿವರ್ತಿಸಿದರೆ ಹಗುರ ಸವಾರನಿಗೆ ೯೨, ಭಾರದ ಸವಾರನಿಗೆ ೧೪೩ ಕಿಲೋಗ್ರಾಂ. ತಮ್ಮ ತಮ್ಮ ನಿಂತ ಭಾರದೊಂದಿಗೆ ಹೋಲಿಸಿದರೆ ಇಬ್ಬರಿಗೂ ಸುಮಾರು ೨.೨ ಪಟ್ಟು! ಎಂದರೆ, ಕುಸಿತವೊಂದನ್ನು ಸರಿಯಾಗಿ ಹೊಂದಿಸಿದರೆ, ಗಾಳಿಯ ಸ್ಪ್ರಿಂಗು ಆದಿಯಿಂದ ಅಂತ್ಯದವರೆಗೆ ತಾನಾಗಿಯೇ ಭಾರದ ಸವಾರನ ಅಳತೆಗೆ ಹಿಗ್ಗಿಕೊಳ್ಳುತ್ತದೆ. ದರ್ಜಿಯು ಒಂದೇ ಅಂಗಿಯನ್ನು ಎಲ್ಲ ಅಳತೆಗಳಿಗೂ ಹೊಲಿದುಕೊಟ್ಟಂತೆ. ಏರಿಳಿತದ ಲಯವೂ ಅದೇ. ಸ್ಪ್ರಿಂಗಿನ ಮೇಲೆ ಆಡುವ ಭಾರದ ಲಯವನ್ನು ಅದರ ಕುಸಿತವೇ ನಿರ್ಧರಿಸುತ್ತದೆ; ಹಿಂಚಕ್ರದ ಬಳಿ ೪೫ ಮಿಲಿಮೀಟರು ಕುಸಿತವಿದ್ದರೆ, ಸರಳ ಸ್ಪ್ರಿಂಗಿನ ಲೆಕ್ಕದಲ್ಲಿ, ೭೦ ಕಿಲೋಗ್ರಾಮಿನವನೂ ೧೧೦ರವನೂ ಸೆಕೆಂಡಿಗೆ ಎರಡು ಸಾರಿಗಿಂತ ಸ್ವಲ್ಪ ಹೆಚ್ಚು ತೂಗುತ್ತಾರೆ. ಸುರುಳಿಯಾಗಿದ್ದರೆ ಮೊದಲನೆಯವನಿಗೆ ಅಂಗುಲಕ್ಕೆ ಸುಮಾರು ೪೦೦ ಪೌಂಡಿನ ಸ್ಪ್ರಿಂಗನ್ನೂ ಎರಡನೆಯವನಿಗೆ ೬೦೦ ಪೌಂಡಿನದನ್ನೂ ಬೇರೆ ಬೇರೆ ಕೊಳ್ಳಬೇಕಾಗುತ್ತಿತ್ತು.

ಹಾಗಾದರೆ ನಾನು ಬಿದ್ದುದೇಕೆ?

ಅಡಗಿದ ಸ್ಪ್ರಿಂಗು ಮತ್ತೆ ಹಿಗ್ಗುವಾಗ ಅದನ್ನು ತಡೆದು ನಿಧಾನಗೊಳಿಸುವ ಇನ್ನೊಂದು ಅಂಗ ಷಾಕ್ ಅಬ್ಸಾರ್ಬರಿನಲ್ಲಿದೆ. ಇದು ಎಣ್ಣೆ ತುಂಬಿದ ಕೊಳವೆ. ಪಿಸ್ಟನ್ನು ಸರಿದಂತೆ ಎಣ್ಣೆಯು ಸಣ್ಣ ಕಂಡಿಗಳ ಮೂಲಕ ನುಸುಳಿ ಆಚೆಗೆ ಹೋಗಬೇಕು. ಹಾಗೆ ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಕೆಂಪು ಬಣ್ಣದ ಒಂದು ತಿರುಗಣಿಯಿಂದ ಮರುನೆಗೆತದ ಕಂಡಿಯನ್ನು ಹಿರಿದು ಕಿರಿದು ಮಾಡಬಹುದು. ಈ ಎಣ್ಣೆಯ ತಡೆಗೂ ಗಾಳಿಯ ಒತ್ತಡಕ್ಕೂ ಯಾವ ಸಂಬಂಧವೂ ಇಲ್ಲ. ಗಾಳಿಯನ್ನು ೧೩೦ರಿಂದ ೨೦೬ಕ್ಕೆ ಏರಿಸಿದಾಗ ಸ್ಪ್ರಿಂಗಿನ ಬಲ ಒಂದೂವರೆ ಪಟ್ಟಿಗೂ ಮಿಗಿಲಾಯಿತು. ತಡೆ ಮಾತ್ರ ಇದ್ದಲ್ಲಿಯೇ ಇದ್ದಿತು. ತೂಗಾಟವು ಮೊದಲಿನಂತೆಯೇ ಬೇಗ ಅಡಗಬೇಕಾದರೆ ತಡೆಯೂ ಅದೇ ಪ್ರಮಾಣದಲ್ಲಿ, ಒಂದೂವರೆ ಪಟ್ಟಿಗಿಂತ ಹೆಚ್ಚಾಗಿ, ಏರಬೇಕಾಗಿತ್ತು. ‘ನಡುವೆ ಇರಲಿ’ ಎಂಬ ನಡುವು ಎಪ್ಪತ್ತೈದು ಎಂಬತ್ತು ಕಿಲೋಗ್ರಾಮಿನವನ ನಡುವೇ ಹೊರತು ನನ್ನದಲ್ಲ. ಪೂರ್ತಿ ಅಡಗಿದ ಸ್ಪ್ರಿಂಗಿಗೆ ಕಡಿವಾಣವಿಲ್ಲದೆ ಹೋದಾಗ, ಅದು ಕೂಡಿಟ್ಟ ಶಕ್ತಿಯೆಲ್ಲ ಸವಾರನ ಬೆನ್ನಿಗೇ ಬರುತ್ತದೆ. ಭಾರವಾದ ಸವಾರರ ಸೈಕಲ್ಲುಗಳಲ್ಲಿ ನಾನು ಕಂಡ ದೋಷಗಳಲ್ಲಿ ಇದೇ ಮೊದಲನೆಯದು. ಇದೇ ಅತ್ಯಂತ ಅಪಾಯಕರವಾದುದು.

ಎರಡನೆಯ ದೋಷ ಗಾಳಿ ತುಂಬುವ ಕ್ರಮಕ್ಕೆ ಸಂಬಂಧಿಸಿದ್ದು. ಇದನ್ನು ತಿಳಿಯಲು ಗಾಳಿಕೋಣೆಯ ರಚನೆಯನ್ನು ಸ್ವಲ್ಪ ನೋಡಬೇಕು. ೨೦೬ ಪೌಂಡಿನ ಒತ್ತಡವು ೧೦ ಚದರ ಸೆಂಟಿಮೀಟರಿನ ಪಿಸ್ಟನ್ನಿನ ಮೇಲೆ ಬಿದ್ದರೆ ಆ ಬಲ ಸುಮಾರು ೧೪೫ ಕಿಲೋಗ್ರಾಂ. ಎಂದರೆ ಅಷ್ಟು ಬಲ ಬೀಳುವವರೆಗೆ ಪಿಸ್ಟನ್ನು ಕೂದಲೆಳೆಯಷ್ಟೂ ಕದಲದು. ಸಣ್ಣ ಕಲ್ಲುಗಳ ಪೆಟ್ಟೆಲ್ಲ ನೇರವಾಗಿ ಸವಾರನಿಗೇ. ಇದನ್ನು ತಪ್ಪಿಸಲು ಪಿಸ್ಟನ್ನಿನ ಇನ್ನೊಂದು ಪಕ್ಕದಲ್ಲಿ ಎದುರುಗೋಣೆಯೊಂದನ್ನು ಇಟ್ಟಿರುತ್ತಾರೆ. ಅದರಲ್ಲಿಯೂ ಗಾಳಿ ಇದ್ದು, ಪಿಸ್ಟನ್ನನ್ನು ವಿರುದ್ಧ ದಿಕ್ಕಿಗೆ ನೂಕುತ್ತದೆ. ಆರಂಭದಲ್ಲಿ ಎರಡು ಬಲಗಳೂ ಸಮತೂಗಿ, ಪಿಸ್ಟನ್ನು ಬೆರಳಿನ ಒತ್ತಿಗೂ ಕದಲುವಂತಾಗುತ್ತದೆ. ಪಿಸ್ಟನ್ನು ಒಳಗೆ ಸರಿದಂತೆ ಎದುರುಗೋಣೆ ಹಿಗ್ಗಿ ಅದರ ಬಲ ಕುಂದುತ್ತದೆ. ಆದರೆ ಪೂರ್ತಿ ಅಳಿಯುವುದಿಲ್ಲವಾದುದರಿಂದ, ನಮ್ಮ ಲೆಕ್ಕಕ್ಕಿಂತ ಹೆಚ್ಚು ಗಾಳಿ ತುಂಬಬೇಕಾಗುವುದು.

ಎದುರುಗೋಣೆಗೆ ಬೇರೆ ವಾಲ್ವು ಸಾಮಾನ್ಯವಾಗಿ ಇರುವುದಿಲ್ಲ. ಕೊಳವೆಯ ಒಳಗೋಡೆಯಲ್ಲಿ ಒಂದೆಡೆ ಸಣ್ಣ ತಗ್ಗೊಂದನ್ನು ಕೊರೆದಿರುತ್ತಾರೆ. ಪಿಸ್ಟನ್ನು ಅದನ್ನು ಹಾಯುವ ಕ್ಷಣದಲ್ಲಿ ಮಾತ್ರ ಗಾಳಿ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಪಂಪು ಹಚ್ಚಿ ಒಂದೇ ಉಸಿರಿಗೆ ಸೊನ್ನೆಯಿಂದ ಇನ್ನೂರಕ್ಕೆ ಏರಿಸಿದರೆ ದೊಡ್ಡ ಕೋಣೆ ಮಾತ್ರ ತುಂಬಿರುತ್ತದೆ. ಸವಾರನು ಏರಿ ಒಂದೆರಡು ಹಳ್ಳ ದಾಟಿದೊಡನೆ ಗಾಳಿ ಎದುರುಗೋಣೆಗೆ ನುಗ್ಗಿ ಒತ್ತಡ ಇಳಿಯುತ್ತದೆ. ‘ನಿನ್ನೆ ಇನ್ನೂರು ಹೊಡೆದಿದ್ದೆ, ಇಂದು ನೂರೆಪ್ಪತ್ತಿದೆ, ಎಲ್ಲಿಯೋ ಸೋರುತ್ತಿದೆ’ ಎಂದು ಅವನು ಅಂಗಡಿಗೆ ಓಡುತ್ತಾನೆ. ಸೋರಿದ್ದೇನೂ ಇಲ್ಲ. ಪ್ರತಿ ೫೦ ಪೌಂಡಿಗೊಮ್ಮೆ ನಿಲ್ಲಿಸಿ, ಓಟದ ಮೊದಲ ಕಾಲುಭಾಗದಷ್ಟನ್ನು ಹತ್ತಾರು ಬಾರಿ ನಿಧಾನವಾಗಿ ಒತ್ತಿ ಬಿಟ್ಟರೆ ಎರಡು ಕೋಣೆಗಳೂ ಸರಿದೂಗುತ್ತವೆ. ಗಾಳಿಯನ್ನು ಇಳಿಸುವಾಗಲೂ ಹೀಗೆಯೇ. ದೊಡ್ಡ ಕೋಣೆಯ ಗಾಳಿಯನ್ನು ಒಮ್ಮೆಲೆ ಬಿಟ್ಟುಬಿಟ್ಟರೆ, ಎದುರುಗೋಣೆಯದು ಒಳಗೇ ಸಿಕ್ಕಿಕೊಂಡು ಷಾಕ್ ಅಬ್ಸಾರ್ಬರನ್ನು ಕುಗ್ಗಿಸಿ ಹಿಡಿದುಬಿಡುವುದುಂಟು. ಅಂಥ ಸ್ಥಿತಿಯಲ್ಲಿ ಅದನ್ನು ಬಿಚ್ಚುವ ಸಾಹಸ ಕೂಡದು. ಒಳಗಿನ ಒತ್ತಡ ಲೋಹದ ತುಂಡನ್ನು ಗುಂಡಿನಂತೆ ಹಾರಿಸಬಲ್ಲುದು.

ಪಂಪಿನ ವಿಷಯದಲ್ಲಿಯೂ ಎರಡು ಮಾತು. ವಾಲ್ವು ಮೋಟಾರು ಗಾಡಿಯ ಚಕ್ರದಲ್ಲಿರುವಂಥದೇ ಆದರೂ, ಪೆಟ್ರೋಲು ಬಂಕಿನ ಗಾಳಿಯನ್ನು ಇದಕ್ಕೆ ಎಂದಿಗೂ ಹಚ್ಚಬಾರದು. ಇದಕ್ಕೆಂದೇ ಮಾಡಿದ, ಸಪೂರ ನಳಿಗೆಯ ಕೈಪಂಪು ಬೇಕು. ಅದು ಸ್ವಲ್ಪ ಸ್ವಲ್ಪವಾಗಿ, ಆದರೆ ಬಹು ಹೆಚ್ಚಿನ ಒತ್ತಡದಲ್ಲಿ ಗಾಳಿಯನ್ನು ಸೇರಿಸುತ್ತದೆ. ತುಂಬಿ ಮುಗಿಸಿ ಪಂಪನ್ನು ಬಿಚ್ಚುವಾಗ ‘ಬುಸ್’ ಎಂದು ಕೇಳುವುದು ನಳಿಗೆಯೊಳಗಿನ ಗಾಳಿ, ಷಾಕ್ ಅಬ್ಸಾರ್ಬರಿನದಲ್ಲ. ಆದರೆ ಮತ್ತೆ ಪಂಪನ್ನು ಹಚ್ಚಿ ನೋಡಿದರೆ ಮುಳ್ಳು ಆರೇಳು ಪೌಂಡು ಕಡಮೆ ತೋರಿಸುವುದು ನಿಜ. ೯೦ ಘನ ಸೆಂಟಿಮೀಟರಿನ ಕೋಣೆಯಿಂದ ಮೂರು ಘನ ಸೆಂಟಿಮೀಟರಿನ ಖಾಲಿ ನಳಿಗೆಗೆ ಗಾಳಿ ಹರಿದರೆ ಬಾಯ್ಲನ ನಿಯಮದಂತೆ ಅಷ್ಟು ಇಳಿಯಲೇಬೇಕು. ಪ್ರತಿದಿನವೂ ‘ಪರೀಕ್ಷಿಸಿ’ ನೋಡುವವನು ಪರೀಕ್ಷೆಯಿಂದಲೇ ಗಾಳಿಯನ್ನು ಕಳೆಯುತ್ತಿರುತ್ತಾನೆ.

ಬಿಸಿಲು ಬೆಟ್ಟಗಳಿಂದಾಗುವ ವ್ಯತ್ಯಾಸವನ್ನು ಹಲವರು ಕೇಳುತ್ತಾರೆ. ಮುಂಜಾನೆ ೧೫ ಡಿಗ್ರಿಯಲ್ಲಿ ೨೦೬ ಪೌಂಡು ತುಂಬಿದ್ದರೆ ಮಧ್ಯಾಹ್ನ ೩೫ ಡಿಗ್ರಿಯಲ್ಲಿ ಅದು ೨೨೧ಕ್ಕೆ ಏರಿರುತ್ತದೆ. ಇದು ಗಮನಿಸತಕ್ಕ ಅಂತರ. ಅದಕ್ಕೆ ಪ್ರತಿಯಾಗಿ, ಸಮುದ್ರಮಟ್ಟದ ಮಂಗಳೂರಿನಲ್ಲಿ ತುಂಬಿದ ಸೈಕಲ್ಲನ್ನು ೧,೯೦೦ ಮೀಟರಿಗೂ ಎತ್ತರವಾದ ಮುಳ್ಳಯ್ಯನಗಿರಿಯ ತಲೆಗೆ ಒಯ್ದರೆ ಹೊರಗಿನ ವಾಯುಭಾರ ಕಡಮೆಯಾಗಿ ಮುಳ್ಳು ಹೆಚ್ಚು ತೋರಿಸುವುದು ಸುಮಾರು ಮೂರು ಪೌಂಡು ಮಾತ್ರ. ಬೆಟ್ಟಕ್ಕಿಂತ ಬಿಸಿಲೇ ದೊಡ್ಡದು. ದೀರ್ಘವಾದ ಇಳಿಜಾರಿನಲ್ಲಿ ಎಣ್ಣೆಯೂ ಕಾದು ಅದರ ಬಿಸಿ ಗಾಳಿಗೆ ಹತ್ತುತ್ತದೆ. ಸವಾರ ಭಾರವಾದಷ್ಟೂ ಈ ಶಾಖ ಹೆಚ್ಚು. ಆದುದರಿಂದ ಕುಸಿತವನ್ನು ಅಳೆಯುವುದು ಸವಾರಿಯ ಹೊತ್ತಿನಲ್ಲಿ, ಸವಾರಿಯ ಜಾಗದಲ್ಲಿ ಆದರೆ ಒಳ್ಳೆಯದು.

ಅಳೆಯುವ ವಿಧಾನ ಸುಲಭವೇ. ಪೂರ್ತಿ ಉಡುಪು ತೊಟ್ಟು, ನೀರಿನ ಚೀಲವನ್ನೂ ಬೆನ್ನಿಗೇರಿಸಿ, ಎಣ್ಣೆಯ ತಡೆಯ ಸನ್ನೆಯನ್ನು ಪೂರ್ತಿ ತೆರೆದು ಸೈಕಲ್ಲನ್ನೇರಬೇಕು. ಗೋಡೆಗೆ ಮೊಳಕೈ ಆನಿಸಿ ಪೆಡಲುಗಳ ಮೇಲೆ, ಇಳಿಜಾರಿನಲ್ಲಿ ನಿಲ್ಲುವ ಭಂಗಿಯಲ್ಲಿಯೇ ನಿಲ್ಲಬೇಕು. ಒಂದೆರಡು ಸಾರಿ ಕುಲುಕಿ, ನಿಶ್ಚಲವಾದ ಮೇಲೆ ಪಿಸ್ಟನ್ನಿನ ದಂಡದ ಮೇಲಿರುವ ರಬ್ಬರಿನ ಉಂಗುರವನ್ನು ಜೊತೆಗಾರರೊಬ್ಬರು ಮುಚ್ಚಳದವರೆಗೆ ಸರಿಸಲಿ. ಮೆಲ್ಲಗೆ ಇಳಿದು ಉಂಗುರ ಎಷ್ಟು ದೂರ ಹೋಗಿದೆಯೆಂದು ನೋಡಿದರಾಯಿತು. ನಮ್ಮ ಉದಾಹರಣೆಯಲ್ಲಿ ಅದು ಹದಿನಾರೂವರೆ ಮಿಲಿಮೀಟರು. ಆಸನದ ಮೇಲೆ ಕುಳಿತು ಅಳೆದರೆ ಭಾರ ಹಿಂದಕ್ಕೆ ಬಿದ್ದು ಹಿಂದಿನ ಕುಸಿತ ಹೆಚ್ಚಾಗಿಯೂ ಮುಂದಿನದು ಕಡಮೆಯಾಗಿಯೂ ಕಾಣುವುದು. ತೂಕದವರಿಗೆ ಈ ವ್ಯತ್ಯಾಸ ಇನ್ನೂ ಎದ್ದು ತೋರುತ್ತದೆ.

ಕುಸಿತ ಸರಿಯಾದ ಮೇಲೆ ಮರುನೆಗೆತ. ಕೆಂಪು ತಿರುಗಣಿಯನ್ನು ಪೂರ್ತಿ ಮುಚ್ಚಿ, ಅಲ್ಲಿಂದ ‘ಟಿಕ್’ ಎಂಬ ಸದ್ದುಗಳನ್ನು ಎಣಿಸುತ್ತ ಬಿಡಿಸುವುದು ವಾಡಿಕೆ. ಆಸನದ ಮೇಲೆ ಕುಳಿತೇ ಕಾಲುದಾರಿಯ ಕಟ್ಟೆಯಿಂದ ರಸ್ತೆಗೆ ಧುಮುಕಿ ನೋಡಿ: ಹಿಂಭಾಗ ಅಡಗಿ, ಮೇಲೆದ್ದು, ಒಂದೇ ಒಂದು ಸಣ್ಣ ತೂಗಿನೊಡನೆ ನಿಂತರೆ ಸರಿ. ಎರಡು ಮೂರು ಸಾರಿ ಪುಟಿದರೆ ತಡೆ ಸಾಲದು. ತೂಗೇ ಇಲ್ಲದೆ ಜೇನಿನಲ್ಲಿ ಮುಳುಗಿದಂತೆ ಎದ್ದರೆ ತಡೆ ಹೆಚ್ಚಾಯಿತು. ಅತಿಯಾದ ತಡೆಯೂ ದೋಷವೇ. ಸಾಲು ಸಾಲಾಗಿ ಬೇರುಗಳು ಬಂದಾಗ, ಒಂದರಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಡಿದು, ಸ್ಪ್ರಿಂಗು ಮೆಟ್ಟಿಲಿಳಿದಂತೆ ಕೆಳಗೆ ಕೆಳಗೆ ಹೋಗಿ ಕೊನೆಗೆ ಕಲ್ಲಾಗಿ ನಿಲ್ಲುತ್ತದೆ. ತಿರುಗಣಿಯನ್ನು ಹೆಚ್ಚು ಕಡಮೆ ಮುಚ್ಚಿಬಿಟ್ಟರೂ ಪುಟಿತ ನಿಲ್ಲದಿದ್ದರೆ, ಆ ಯಂತ್ರದ ಎಣ್ಣೆಕಂಡಿಗಳು ಆ ಸವಾರನಿಗಾಗಿ ರಚಿತವಾದುವಲ್ಲವೆಂದು ಅರ್ಥ. ಅದಕ್ಕೂ ಪರಿಹಾರವುಂಟು. ಕಂಡಿಗಳನ್ನು ಮುಚ್ಚಿರುವ ತೆಳುವಾದ ಉಕ್ಕಿನ ಬಿಲ್ಲೆಗಳ ಅಡುಕನ್ನು ನುರಿತವರಿಂದ ಬದಲಾಯಿಸಿ, ಇಡೀ ತಡೆಯನ್ನೇ ಮೇಲಕ್ಕೆ ಎತ್ತಿಸಬಹುದು. ಇದಕ್ಕೆ ತಗಲುವ ವೆಚ್ಚ ಹೊಸ ಷಾಕ್ ಅಬ್ಸಾರ್ಬರಿನ ಬೆಲೆಗಿಂತ ಎಷ್ಟೋ ಕಡಮೆ. ಅಂಗಡಿಗಳಲ್ಲಿ ಈ ಮಾತನ್ನು ಮೊದಲು ಹೇಳುವವರು ಅಪರೂಪ; ಹೊಸದನ್ನು ಕೊಳ್ಳಿರೆನ್ನುವುದೇ ಹೆಚ್ಚು.

ಇನ್ನು ಗಾಳಿಕೋಣೆಯೊಳಗಿಡುವ ಪ್ಲಾಸ್ಟಿಕ್ಕಿನ ಬಿಲ್ಲೆಗಳು. ‘ತೂಕದವರೇ? ಹಾಗಾದರೆ ಎರಡು ಬಿಲ್ಲೆ ಹಾಕಿ’ ಎಂಬುದು ಎಲ್ಲೆಡೆಯೂ ಕೇಳಿಬರುವ ಮದ್ದು. ಇದು ಏನು ಮಾಡುವುದೆಂಬುದನ್ನು ಲೆಕ್ಕದಿಂದಲೇ ನೋಡೋಣ. ೧೦ ಘನ ಸೆಂಟಿಮೀಟರಿನ ಬಿಲ್ಲೆಯನ್ನಿಟ್ಟರೆ ಕೋಣೆಯ ಗಾತ್ರ ೯೦ರಿಂದ ೮೦ಕ್ಕೆ ಇಳಿಯಿತು. ಕುಸಿತದ ಹಂತದಲ್ಲಿ ಒತ್ತಡ ಮೊದಲಿಗಿಂತ ನೂರಕ್ಕೆ ಮೂರರಷ್ಟು ಮಾತ್ರ ಹೆಚ್ಚಿರುತ್ತದೆ. ಆದರೆ ಓಟದ ಕೊನೆಯಲ್ಲಿ ೮೦ರ ಗಾಳಿ ೨೫ಕ್ಕೆ ಅಡಕವಾಗಬೇಕಾದುದರಿಂದ ಒತ್ತಡ ನೂರಕ್ಕೆ ೨೪ರಷ್ಟು ಹೆಚ್ಚುತ್ತದೆ. ಬಿಲ್ಲೆಯು ಕೊನೆಯ ಕಾವಲುಗಾರನೇ ಹೊರತು ಭಾರ ಹೊರುವ ಆಳಲ್ಲ. ಕುಸಿತ ಹೆಚ್ಚಾಗಿರುವ ಸೈಕಲ್ಲಿಗೆ ಬಿಲ್ಲೆ ಹಾಕಿದರೆ ಅದು ನಡುವೆ ಜೋಲುತ್ತಲೇ ಇದ್ದು ಕೊನೆಯಲ್ಲಿ ಗೋಡೆಗೆ ಹಾಯುವುದು. ಮರುನೆಗೆತದ ಚಿಮ್ಮು ಇನ್ನೂ ಕ್ರೂರವಾಗುವುದು. ಮೊದಲು ಒತ್ತಡ, ಆಮೇಲೆ ಎಣ್ಣೆಯ ತಡೆ. ಎರಡೂ ಸರಿಯಾದ ಮೇಲೂ ಉಂಗುರವು ಸವಾರಿಯೊಂದರಲ್ಲಿ ಪದೇ ಪದೇ ತುದಿ ಮುಟ್ಟುತ್ತಿದ್ದರೆ ಆಗ ಒಂದು ಬಿಲ್ಲೆ. ಒಂದೆರಡು ಸಾರಿ ತುದಿ ಮುಟ್ಟುವುದು ದೋಷವಲ್ಲ. ಕೊಂಡ ಏರಿಳಿತವನ್ನು ಪೂರ್ತಿ ಬಳಸಿದಂತಾಯಿತು. ಬಿಲ್ಲೆ ಹಾಕಲು ಕೋಣೆಯನ್ನು ತೆರೆಯುವ ಮುನ್ನ ಗಾಳಿಯನ್ನು ಪೂರ್ತಿ ಬಿಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗಾಳಿಗೂ ಒಂದು ಮೇರೆಯುಂಟು. ಪ್ರತಿಯೊಂದು ಯಂತ್ರದ ಮೇಲೆಯೂ ಅದು ತಾಳಬಲ್ಲ ಗರಿಷ್ಠ ಒತ್ತಡವನ್ನು ಅಚ್ಚೊತ್ತಿರುತ್ತಾರೆ, ಇಲ್ಲವೆ ಅದರ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಫಾಕ್ಸ್ ಎಂಬ ತಯಾರಕರ ಹಿಂದಿನ ಷಾಕ್ ಅಬ್ಸಾರ್ಬರುಗಳಲ್ಲಿ ಕೆಲವಕ್ಕೆ ಅದು ೩೫೦ ಪೌಂಡು. ಅವರದೇ ೩೬ ಮಿಲಿಮೀಟರು ಕಾಲುಗಳ ಮುಂದಿನ ಫೋರ್ಕುಗಳಲ್ಲಿ ಕೆಲವಕ್ಕೆ ೧೨೦. ಈ ಮೇರೆಯನ್ನು ದಾಟಿಸಿದರೂ ಕುಸಿತ ಸರಿಯಾಗದಿದ್ದರೆ ತಪ್ಪು ಸೈಕಲ್ಲಿನ ಸನ್ನೆಯಲ್ಲಿದೆ. ಅದೇ ೧೫೦ ಮಿಲಿಮೀಟರಿನ ಏರಿಳಿತಕ್ಕೆ ೫೫ರ ಬದಲು ೬೫ ಮಿಲಿಮೀಟರು ಓಡುವ ಪಿಸ್ಟನ್ನಿದ್ದಿದ್ದರೆ ಅದರ ಮೇಲಿನ ಭಾರ ನೂರಕ್ಕೆ ಹದಿನೈದರಷ್ಟು ಇಳಿಯುತ್ತಿತ್ತು. ಭಾರವಾದವರು ಸೈಕಲ್ಲನ್ನು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಈ ಎರಡು ಸಂಖ್ಯೆಗಳನ್ನೂ, ಚೌಕಟ್ಟಿಗೂ ಚಕ್ರಗಳಿಗೂ ತಯಾರಕರು ವಿಧಿಸಿರುವ ತೂಕದ ಮಿತಿಯನ್ನೂ ಕೇಳತಕ್ಕದ್ದು.

ಮುಂದಿನ ಫೋರ್ಕಿನ ಕಥೆ ಸ್ವಲ್ಪ ಬೇರೆ. ಬ್ರೇಕು ಹಿಡಿದಾಗಲೂ ಇಳಿಜಾರಿನಲ್ಲಿಯೂ ಭಾರವೆಲ್ಲ ಮುಂದಕ್ಕೆ ಹರಿದು ಫೋರ್ಕು ಮುಳುಗುತ್ತದೆ. ಹಿಡಿಕೋಲು ತಗ್ಗಿದಷ್ಟೂ ಸವಾರನು ತಲೆಯ ಮೇಲೆ ಉರುಳುವ ಸಂಭವ ಹೆಚ್ಚು. ಆದುದರಿಂದ ಫೋರ್ಕಿನ ಕುಸಿತವನ್ನು ೨೦ಕ್ಕಿಂತ ೧೫ರ ಕಡೆಗೆ ಇಡುವುದು ಲೇಸು. ಅದರ ನೀಲಿ ತಿರುಗಣಿಯಿಂದ ಅಡಗುವ ದಿಕ್ಕಿನ ಎಣ್ಣೆಯ ತಡೆಯನ್ನು ಒಂದೆರಡು ಟಿಕ್ಕಿನಷ್ಟು ಹೆಚ್ಚಿಸಿದರೆ ಮುಳುಗುವಿಕೆ ನಿಧಾನವಾಗುತ್ತದೆ. ಆದರೆ ಗಾಳಿಯ ಕೊರತೆಯನ್ನು ನೀಲಿ ತಿರುಗಣಿಯಿಂದ ತುಂಬಲು ಹೋಗಬಾರದು. ಕಾಲುಗಳ ದಪ್ಪವನ್ನೂ ಗಮನಿಸಬೇಕು. ತೆಳು ಕಾಲುಗಳು ಭಾರಕ್ಕೆ ಬಾಗಿ, ಒಳಗೊಳಗೆ ಸರಿಯುವ ಕೊಳವೆಗಳು ಹಿಡಿದುಕೊಂಡು, ಸ್ಪ್ರಿಂಗು ಎಷ್ಟು ಚೆನ್ನಾಗಿದ್ದರೂ ಕದಲದೆ ನಿಲ್ಲುತ್ತವೆ. ಕೊಳವೆಯ ಗೋಡೆಯ ದಪ್ಪ ಒಂದೇ ಆಗಿದ್ದರೆ ಬಾಗುವಿಕೆಗೆ ಅದರ ಪ್ರತಿರೋಧ ವ್ಯಾಸದ ಘನದಂತೆ ಏರುತ್ತದೆ. ೩೨ ಮಿಲಿಮೀಟರಿನಿಂದ ೩೬ಕ್ಕೆ ಹೋದರೆ ನೂರಕ್ಕೆ ನಲವತ್ತರಷ್ಟು ಹೆಚ್ಚು ಬಿಗಿ.

ಭಾರದ ಸವಾರನಿಗೆ ಪ್ರಕೃತಿಯು ಒಂದು ಅನುಕೂಲವನ್ನೂ ಕೊಟ್ಟಿದೆ; ಅದನ್ನು ಯಾರೂ ಹೇಳುವುದಿಲ್ಲ. ಚಕ್ರ, ಟೈರು, ಬ್ರೇಕುಗಳ ತೂಕ ಎಲ್ಲರಿಗೂ ಒಂದೇ. ಮೇಲಿನ ಭಾರ ಹೆಚ್ಚಾದಷ್ಟೂ, ಹೋಲಿಕೆಯಲ್ಲಿ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರ ನೆಲದ ಏರುತಗ್ಗುಗಳನ್ನು ಸವಾರನನ್ನು ಕದಲಿಸದೆ ಹಿಂಬಾಲಿಸುತ್ತದೆ. ಸೀಲುಗಳ ಘರ್ಷಣೆಯೂ ದೊಡ್ಡ ಬಲದ ಮುಂದೆ ಅಲ್ಪವಾಗಿ ತೋರುತ್ತದೆ. ಆದರೆ ಸೀಲುಗಳು ಸವೆಯುವುದೂ ಬೇಗ. ಐವತ್ತು 

ಗಂಟೆಗಳ ಸವಾರಿಗೊಮ್ಮೆ ಗಾಳಿಕೋಣೆಯನ್ನು ಶುಚಿಮಾಡಿಸಿ ಹೊಸ ಗ್ರೀಸು ಸವರಿಸಬೇಕೆಂದು ಕೆಲವು ತಯಾರಕರು ಹೇಳುವುದನ್ನು ತೂಕದವರು ಅಲಕ್ಷಿಸಬಾರದು.

ನನ್ನ ಸೈಕಲ್ಲಿನ ಹಿಂಭಾಗ ಈಗ ೨೨೫ ಪೌಂಡಿನಲ್ಲಿ ನಿಂತಿದೆ. ಒಳಗೆ ಒಂದು ಬಿಲ್ಲೆಯಿದೆ. ಉಕ್ಕಿನ ಬಿಲ್ಲೆಗಳ ಅಡುಕನ್ನು ಬದಲಾಯಿಸಿದ ಮೇಲೆ ಕೆಂಪು ತಿರುಗಣಿ ಮುಚ್ಚಿದ ಕಡೆಯಿಂದ ಆರನೆಯ ಟಿಕ್ಕಿನಲ್ಲಿದೆ; ಮೊದಲು ಒಂದಕ್ಕೆ ತಂದಿಟ್ಟರೂ ಸಾಲುತ್ತಿರಲಿಲ್ಲ. ಕಳೆದ ಮಳೆಗಾಲದ ಅನಂತರ ಅದೇ ತೋಟದ ಅದೇ ಬೇರಿನ ಮೇಲೆ ಅದೇ ವೇಗದಲ್ಲಿ ಇಳಿದು, ಕೆಳಗೆ ನಿಂತು ಉಂಗುರವನ್ನು ನೋಡಿದೆ. ತುದಿಗೆ ಇನ್ನೂ ನಾಲ್ಕು ಮಿಲಿಮೀಟರು ಉಳಿದಿತ್ತು.